ಜಪಾನಿನ ಹಣ, ವಿಯೆಟ್ನಾಂನ ಗ್ರಾಹಕ, ನಡುವೆ ಪೀಣ್ಯದ ಲೆಕ್ಕ

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಹೈಡ್ರಾಲಿಕ್ ವಾಲ್ವ್ ಮತ್ತು ಅದರ ಬಿಡಿಭಾಗ ತಯಾರಿಸುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಜಪಾನಿನ ಕಂಪನಿಯೊಂದು 6 ಕೋಟಿ ರೂಪಾಯಿ ಹೂಡಿ ಶೇ 26ರಷ್ಟು ಷೇರು ಕೇಳುತ್ತಿದೆ. ಒಂದು ಮುಖ್ಯ ಭಾಗವನ್ನು (ಒಳಗಿನ ಸ್ಲೀವ್) ಅವರೇ ಜಪಾನಿನಿಂದ ಕಳಿಸುತ್ತಾರೆ. ನಾವು ತಯಾರಿಸಿದ್ದು ವಿಯೆಟ್ನಾಂನಲ್ಲಿರುವ ಅವರ ಘಟಕಕ್ಕೆ ಹೋಗಬೇಕು. ಜಪಾನ್ ಜೊತೆಗೂ ಆಸಿಯಾನ್ (ವಿಯೆಟ್ನಾಂ, ಥಾಯ್ಲೆಂಡ್ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟ) ಜೊತೆಗೂ ಭಾರತಕ್ಕೆ ಮುಕ್ತ ವ್ಯಾಪಾರ ಒಪ್ಪಂದ ಇದೆಯಲ್ಲ, ಹಾಗಾಗಿ ಸುಂಕದ ಚಿಂತೆ ಇಲ್ಲ ಎಂದುಕೊಂಡಿದ್ದೇವೆ. ಹಣ ಬರುವುದಕ್ಕೆ ಏನೇನು ಮಾಡಬೇಕು? ಇದೇ ವಾಲ್ವ್ ಅನ್ನು ಥಾಯ್ಲೆಂಡಿನವರು ನಮಗಿಂತ ಕಡಿಮೆ ಬೆಲೆಗೆ ಕೊಡುತ್ತಾರಂತೆ, ಅದು ಹೇಗೆ?

ಉತ್ತರ: ನೀವು ಮೊದಲು ಕೇಳಿದ್ದು ಹಣದ ವಿಚಾರ. ನಾನು ಕೊನೆಯದರಿಂದ ಶುರು ಮಾಡುತ್ತೇನೆ, ಏಕೆಂದರೆ ಷೇರು ಒಪ್ಪಂದಕ್ಕೆ ಸಹಿ ಹಾಕಬೇಕೇ ಬೇಡವೇ ಎಂಬುದು ತೀರ್ಮಾನವಾಗುವುದು ಅಲ್ಲಿ. ತಯಾರಿಕಾ ವಲಯಕ್ಕೆ ಶೇ 100ರವರೆಗೆ ವಿದೇಶಿ ಬಂಡವಾಳ ಆಟೋಮ್ಯಾಟಿಕ್ ರೂಟ್‌ನಲ್ಲಿ ಬರಬಹುದು, ಸರ್ಕಾರದ ಮುಂಗಡ ಅನುಮತಿ ಬೇಡ. ಹಣ ಬಂದೇ ಬರುತ್ತದೆ. ಆ ಹಣದಿಂದ ಕೊಂಡ ಯಂತ್ರಗಳಿಗೆ ಮುಂದಿನ ಐದು ವರ್ಷ ಕೆಲಸ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದರ ಉತ್ತರ ಇರುವುದು ನಿಮ್ಮ ವಾಲ್ವ್‌ನ ‘ಮೂಲ’ದ ಲೆಕ್ಕದಲ್ಲಿ, ಅಂದರೆ ಆ ವಾಲ್ವ್ ಕಾನೂನಿನ ಕಣ್ಣಿಗೆ ಭಾರತೀಯ ವಸ್ತುವೋ ಅಲ್ಲವೋ ಎಂಬುದರಲ್ಲಿ.

ಮೊದಲ ಕೆಲಸ ತೀರಾ ಸರಳ, ಆದರೂ ಹೆಚ್ಚಿನವರು ಮಾಡುವುದಿಲ್ಲ. ನಿಮ್ಮ ವಸ್ತುವಿನ ಆರಂಕಿಯ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹಿಡಿದು, ವಿಯೆಟ್ನಾಂ ಎಲ್ಲ ದೇಶಗಳಿಗೂ ವಿಧಿಸುವ ಸಾಮಾನ್ಯ ಸುಂಕ ಎಷ್ಟು, ಭಾರತ–ಆಸಿಯಾನ್ ಒಪ್ಪಂದದಡಿ ಎಷ್ಟು ಎಂದು ಗ್ರಾಹಕರಿಂದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಸಾಮಾನ್ಯ ಸುಂಕವೇ ಶೂನ್ಯವಾಗಿದ್ದರೆ ಮೂಲ ಪ್ರಮಾಣಪತ್ರಕ್ಕೆ ಓಡಾಡುವುದೆಲ್ಲ ವ್ಯರ್ಥ. ಜಪಾನಿಗೆ ಕಳಿಸುವುದಾದರೆ ಬಹುಪಾಲು ಇದೇ ಸ್ಥಿತಿ: ಯಂತ್ರಗಳು, ವಾಹನಗಳ ಬಿಡಿಭಾಗಗಳಂಥ ಕೈಗಾರಿಕಾ ವಸ್ತುಗಳ ಮೇಲೆ ಜಪಾನ್ ಯಾರಿಗೂ ಹೆಚ್ಚುಕಡಿಮೆ ಸುಂಕ ಹಾಕುವುದಿಲ್ಲ. 2011ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಭಾರತ–ಜಪಾನ್ ಒಪ್ಪಂದ ನಿಮ್ಮಂಥವರಿಗೆ ರಫ್ತಿಗಿಂತ ಆಮದಿಗೇ ಹೆಚ್ಚು ಉಪಯೋಗ.

ವಿಯೆಟ್ನಾಂನಲ್ಲಿ ಎರಡು ಸುಂಕಗಳ ನಡುವೆ ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳೋಣ. ಭಾರತ–ಆಸಿಯಾನ್ ಸರಕು ಒಪ್ಪಂದ ಕೇಳುವುದು ಎರಡು ಷರತ್ತು, ಎರಡೂ ಒಟ್ಟಿಗೆ ಪೂರೈಸಬೇಕು. ಒಂದು, ಎಫ್‌ಒಬಿ ಬೆಲೆಯಲ್ಲಿ (ಸರಕನ್ನು ಹಡಗಿಗೆ ಏರಿಸುವವರೆಗಿನ ಬೆಲೆ) ಕನಿಷ್ಠ ಶೇ 35 ಭಾರತ ಮತ್ತು ಆಸಿಯಾನ್ ದೇಶಗಳ ಮೌಲ್ಯ ಇರಬೇಕು. ಅಂದರೆ ಹೊರಗಿನ ಸಾಮಗ್ರಿ ಶೇ 65 ಮೀರಬಾರದು. ಎರಡು, ಹೊರಗಿನಿಂದ ಬಂದ ಪ್ರತಿ ಸಾಮಗ್ರಿಯ ಆರಂಕಿಯ ಎಚ್‌ಎಸ್ ಉಪಶೀರ್ಷಿಕೆ, ಸಿದ್ಧವಸ್ತುವಿನ ಉಪಶೀರ್ಷಿಕೆಗಿಂತ ಬೇರೆ ಇರಬೇಕು. ತಯಾರಿಕೆಯ ಕೊನೆಯ ಹಂತ ಇಲ್ಲೇ ನಡೆಯಬೇಕೆಂಬುದು ಇದರ ಜೊತೆಗೆ ಬರುವ ಮಾತು, ಅದರಲ್ಲಿ ನಿಮಗೆ ತೊಂದರೆ ಇಲ್ಲ.

ಒಂದು ವಾಲ್ವ್‌ನ ಎಫ್‌ಒಬಿ ಬೆಲೆ 1,000 ರೂಪಾಯಿ ಎಂದುಕೊಂಡು ಲೆಕ್ಕ ಹಾಕಿ ನೋಡಿ. ಕೊರಿಯಾದ ಮಿಶ್ರಲೋಹ ಉಕ್ಕಿನ ಸರಳು 330 ರೂಪಾಯಿ, ಯುರೋಪಿನ ಸೀಲ್ ಮತ್ತು ಸ್ಪ್ರಿಂಗ್ 110, ಜಪಾನಿನ ಸ್ಲೀವ್ 230. ಹೊರಗಿನ ಸಾಮಗ್ರಿ ಒಟ್ಟು 670. ನಿಮ್ಮ ಪಾಲು 330, ಶೇ 33. ಇಪ್ಪತ್ತು ರೂಪಾಯಿಯಲ್ಲಿ ಫೇಲು. ಅಷ್ಟು ಟರ್ನಿಂಗ್, ಹೋನಿಂಗ್, ಹೀಟ್ ಟ್ರೀಟ್‌ಮೆಂಟ್, ಅಸೆಂಬ್ಲಿ, ಟೆಸ್ಟಿಂಗ್ ಎಲ್ಲ ಪೀಣ್ಯದಲ್ಲೇ ನಡೆದಿದ್ದರೂ ಒಪ್ಪಂದದ ಪ್ರಕಾರ ಅದು ಭಾರತೀಯ ವಾಲ್ವ್ ಅಲ್ಲ.

‘ಜಪಾನ್ ಜೊತೆ ನಮಗೆ ಒಪ್ಪಂದ ಇದೆ, ಕೊರಿಯಾ ಜೊತೆಗೂ 2010ರಿಂದ ಇದೆ, ಅವರ ಸಾಮಗ್ರಿಯನ್ನು ಹೊರಗಿನದ್ದು ಎಂದು ಏಕೆ ಎಣಿಸಬೇಕು?’ ಎಂದು ನೀವು ಕೇಳಬಹುದು. ಒಂದು ಒಪ್ಪಂದದ ಮೂಲವನ್ನು ಇನ್ನೊಂದಕ್ಕೆ ಸೇರಿಸಲು ಬರುವುದಿಲ್ಲ. ಬಿಎಂಟಿಸಿ ಪಾಸು ತೋರಿಸಿ ಮೆಟ್ರೋ ಹತ್ತಲು ಹೋದ ಹಾಗಾಗುತ್ತದೆ. ಜಪಾನಿನ ಸ್ಲೀವ್ ಹಾಕಿದ ವಾಲ್ವ್ ಜಪಾನಿಗೇ ಹೋದರೆ ಆ ಸ್ಲೀವ್ ‘ನಮ್ಮದೇ’ ಎಂದು ಎಣಿಕೆಯಾಗುತ್ತದೆ, ಸ್ಲೀವ್‌ಗೆ ಜಪಾನಿನ ಮೂಲ ಪತ್ರ ಇದ್ದರೆ. ಆಗ ಹೊರಗಿನದ್ದು 440 ಮಾತ್ರ, ನಿಮ್ಮ ಪಾಲು ಶೇ 56. ಅದೇ ವಾಲ್ವ್ ವಿಯೆಟ್ನಾಂಗೆ ಹೋದರೆ ಶೇ 33. ಒಂದೇ ವಸ್ತು, ಒಂದೇ ವೆಚ್ಚ, ಎರಡು ಉತ್ತರ. ವಿಪರ್ಯಾಸವೆಂದರೆ ಪಾಸಾಗುವ ಕಡೆ ಸುಂಕವೇ ಇಲ್ಲ.

ಥಾಯ್ಲೆಂಡಿನವರ ಕಡಿಮೆ ಬೆಲೆಯ ಒಂದು ಕಾರಣ ಇಲ್ಲೇ ಸಿಗುತ್ತದೆ. ಆಸಿಯಾನ್ ಮತ್ತು ಜಪಾನ್ ನಡುವೆ 2008ರ ಡಿಸೆಂಬರ್‌ನಿಂದಲೇ ಒಂದು ಸಾಮೂಹಿಕ ಒಪ್ಪಂದ ಜಾರಿಯಲ್ಲಿದೆ. ಅದರಲ್ಲಿ ಜಪಾನಿನ ಭಾಗ ಥಾಯ್ಲೆಂಡಿನಲ್ಲಿ ಕೂಡಿ ವಿಯೆಟ್ನಾಂಗೆ ಹೋದರೂ ಮೂಲ ಕಳೆದುಕೊಳ್ಳುವುದಿಲ್ಲ. ಅದರ ಮೇಲೆ ಆರ್‌ಸಿಇಪಿ ಎಂಬ ದೊಡ್ಡ ಪ್ರಾದೇಶಿಕ ವ್ಯಾಪಾರ ಒಪ್ಪಂದ ಬಂತು. 2020ರ ನವೆಂಬರ್ 15ರಂದು ಹದಿನೈದು ದೇಶಗಳು ಸಹಿ ಹಾಕಿದವು, 2022ರ ಜನವರಿ 1ರಿಂದ ಜಾರಿಗೆ ಬಂತು. ಚೀನಾ, ಜಪಾನ್, ಕೊರಿಯಾ, ಆಸಿಯಾನ್‌ನ ಆಗಿನ ಹತ್ತು ದೇಶಗಳು, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲವೂ ಅದರೊಳಗಿವೆ. ಕೊರಿಯಾದ ಉಕ್ಕು, ಜಪಾನಿನ ಸ್ಲೀವ್, ಚೀನಾದ ಸೀಲ್ ಸೇರಿಸಿ ಥಾಯ್ಲೆಂಡಿನಲ್ಲಿ ವಾಲ್ವ್ ಕಟ್ಟಿದರೆ ಎಲ್ಲವೂ ಒಳಗಿನ ಮೌಲ್ಯವೇ. ಜೊತೆಗೆ ಆರ್‌ಸಿಇಪಿಯಲ್ಲಿ ಬಹುಪಾಲು ವಸ್ತುಗಳಿಗೆ ಶೇ 40 ಪ್ರಾದೇಶಿಕ ಮೌಲ್ಯ ಅಥವಾ ಎಚ್‌ಎಸ್ ಬದಲಾವಣೆ, ಎರಡರಲ್ಲಿ ಒಂದು ಸಾಕು. ನಮಗೆ ಎರಡೂ ಬೇಕು. ಶೇ 35 ಎಂಬುದು ಶೇ 40ಕ್ಕಿಂತ ಸಡಿಲವಾಗಿ ಕಾಣುತ್ತದೆ, ಆದರೆ ‘ಮತ್ತು’ ‘ಅಥವಾ’ಗಳ ನಡುವೆ ಆಟವೇ ಬದಲಾಗುತ್ತದೆ.

ಭಾರತ ಆರ್‌ಸಿಇಪಿ ಮಾತುಕತೆಯಿಂದ ಹೊರಬಂದದ್ದು 2019ರ ನವೆಂಬರ್ 4ರಂದು, ಬ್ಯಾಂಕಾಕ್‌ನಲ್ಲಿ. ಚೀನಾದ ಸರಕು ನುಗ್ಗುವ ಭಯ, ಹೈನುಗಾರರ ವಿರೋಧ, ಆಗಲೇ ಬೆಳೆಯುತ್ತಿದ್ದ ವ್ಯಾಪಾರ ಕೊರತೆ, ಇವೆಲ್ಲ ಸುಳ್ಳು ಕಾರಣಗಳಲ್ಲ. ಕೆಎಂಎಫ್‌ಗೆ ಹಾಲು ಹಾಕುವ ರೈತರ ಲೆಕ್ಕದಲ್ಲಿ ಆ ನಿರ್ಧಾರ ಸರಿ ಅನ್ನಿಸಬಹುದು. ಆದರೆ ಮೂರು ದೇಶಗಳ ಸಾಮಗ್ರಿ ಕೂಡಿಸಿ ನಾಲ್ಕನೆಯ ದೇಶಕ್ಕೆ ಮಾರುವ ನಿಮ್ಮಂಥ ಕಾರ್ಖಾನೆಗೆ ಅದರ ಬೆಲೆ ಆ 230 ರೂಪಾಯಿಯ ಸ್ಲೀವ್‌ನಲ್ಲಿ ಕಾಣುತ್ತದೆ. ಪೀಣ್ಯದ ದುಡಿಮೆಗೆ ಬೆಲೆ ಇಲ್ಲವೆಂದಲ್ಲ. ಎಣಿಕೆಯ ವ್ಯಾಪ್ತಿ ಸಣ್ಣದು.

ಇಷ್ಟಾದ ಮೇಲೆ ಪರಿಹಾರಕ್ಕೆ ಬರೋಣ. ಸ್ಲೀವ್ ಮೇಲೆ ನಿಮ್ಮ ಹಿಡಿತ ಇಲ್ಲ, ಉಕ್ಕಿನ ಮೇಲೆ ಇದೆ. ಮಿಶ್ರಲೋಹದ ಸರಳು ಕೊಪ್ಪಳದ ಗಿಣಿಗೇರಿಯಲ್ಲೇ ತಯಾರಾಗುತ್ತದೆ. ಜಪಾನಿನವರು ಆ ಗ್ರೇಡ್ ಒಪ್ಪಿದರೆ ಹೊರಗಿನ ಸಾಮಗ್ರಿ 670ರಿಂದ 340ಕ್ಕೆ ಇಳಿದು ನಿಮ್ಮ ಪಾಲು ಶೇ 66ಕ್ಕೆ ಹೋಗುತ್ತದೆ. ಅರ್ಧ ಮಾತ್ರ ಬದಲಿಸುತ್ತೇವೆ ಎಂದರೆ ಲೆಕ್ಕ ಬ್ಯಾಚ್‌ವಾರು ಇಡಬೇಕು, ಎರಡೂ ಸರಳು ಒಂದೇ ರ‍್ಯಾಕ್‌ನಲ್ಲಿ ಬೆರೆತರೆ ಯಾವ ವಾಲ್ವ್‌ನಲ್ಲಿ ಯಾವ ಉಕ್ಕು ಎಂದು ತೋರಿಸಲಾಗುವುದಿಲ್ಲ. ಗ್ರೇಡ್ ಬದಲಾವಣೆಗೆ ಜಪಾನಿನ ಗ್ರಾಹಕರ ಒಪ್ಪಿಗೆ ಸುಲಭವಾಗಿ ಸಿಗುವುದಿಲ್ಲ. ಮಾದರಿ, ಪ್ರೆಷರ್ ಟೆಸ್ಟ್, ಆಯಸ್ಸಿನ ಪರೀಕ್ಷೆ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ. ಹೂಡಿಕೆಯ ಮಾತುಕತೆ ಬಿಸಿಯಾಗಿರುವಾಗಲೇ ಇದನ್ನು ಕೇಳಿ. ಹಣ ಬಂದ ಮೇಲೆ ಅವರಿಗೆ ಅವಸರ ಇರುವುದಿಲ್ಲ.

ಈ ಲೆಕ್ಕದಲ್ಲಿ ಜನ ಎಲ್ಲಿ ಎಡವುತ್ತಾರೆ ಎಂಬುದನ್ನೂ ಹೇಳಬೇಕು. ಅತಿ ಸಾಮಾನ್ಯವಾದದ್ದು ಸ್ಥಳೀಯ ಬಿಲ್ಲಿನ ಭ್ರಮೆ. ಬೆಂಗಳೂರಿನ ಸ್ಟಾಕಿಸ್ಟ್ ಕೊಟ್ಟ ಜಿಎಸ್‌ಟಿ ಇನ್‌ವಾಯ್ಸ್ ಇದ್ದ ಮಾತ್ರಕ್ಕೆ ಸಾಮಗ್ರಿ ಭಾರತದ್ದಾಗುವುದಿಲ್ಲ. ಮೂಲ ಗೊತ್ತಿಲ್ಲದ್ದೆಲ್ಲ ಹೊರಗಿನದ್ದೇ, ನೀವು ಕೊಟ್ಟ ಪೂರ್ತಿ ಬೆಲೆಗೆ. ಪ್ರತಿ ಹೀಟ್ ನಂಬರಿಗೆ (ಒಂದೇ ಬಾರಿ ಕರಗಿಸಿದ ಉಕ್ಕಿನ ಬ್ಯಾಚ್ ಸಂಖ್ಯೆ) ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತೆಗೆದಿಡಿ, ತಯಾರಕರ ಮೂಲ ಘೋಷಣೆ ಸಿಕ್ಕರೆ ಇನ್ನೂ ಒಳ್ಳೆಯದು.

ಎರಡನೆಯದು ಎಚ್‌ಎಸ್ ಕೋಡ್‌ನದು, ಇದು ಇನ್ನೂ ಸೂಕ್ಷ್ಮ. ಪೂರ್ಣ ಹೈಡ್ರಾಲಿಕ್ ವಾಲ್ವ್ 8481.20ರಲ್ಲಿ ಬರುತ್ತದೆ, ವಾಲ್ವ್‌ನ ಬಿಡಿಭಾಗ 8481.90ರಲ್ಲಿ. ಜಪಾನಿನ ಸ್ಲೀವ್ ಬಿಡಿಭಾಗ, ಹಾಗಾಗಿ 8481.90. ನೀವು ಪೂರ್ಣ ವಾಲ್ವ್ ಕಳಿಸಿದರೆ 90ರಿಂದ 20ಕ್ಕೆ ಬದಲಾವಣೆ ಆಯಿತು, ಪಾಸು. ಆದರೆ ‘ಕಾಯಿಲ್ (ವಾಲ್ವ್ ತೆರೆದು ಮುಚ್ಚುವ ವಿದ್ಯುತ್ ಸುರುಳಿ) ನಾವು ವಿಯೆಟ್ನಾಂನಲ್ಲೇ ಹಾಕಿಕೊಳ್ಳುತ್ತೇವೆ, ನೀವು ಬಾಡಿ ಮತ್ತು ಸ್ಲೀವ್ ಜೋಡಿಸಿ ಕೊಟ್ಟರೆ ಸಾಕು’ ಎಂದು ಅವರು ಹೇಳಿ, ನೀವು ಕಳಿಸುವುದು ಬಿಡಿಭಾಗ ಎಂದು ವರ್ಗೀಕರಣವಾದರೆ ಸ್ಲೀವ್ ಕೂಡ 8481.90, ನಿಮ್ಮ ಜೋಡಣೆಯೂ 8481.90. ಮೌಲ್ಯ ಶೇ 60 ಇದ್ದರೂ ಎರಡನೇ ಷರತ್ತಿನಲ್ಲಿ ಬಿದ್ದಿರಿ. ಅರೆಸಿದ್ಧ ಫೋರ್ಜಿಂಗ್ ಆಮದು ಮಾಡಿ ಇಲ್ಲಿ ಮೆಷಿನಿಂಗ್ ಮಾಡುವವರಿಗೂ ಇದೇ ಗತಿ. ವರ್ಗೀಕರಣದ ಸಾಮಾನ್ಯ ನಿಯಮ 2(ಎ) ಪ್ರಕಾರ ಸಿದ್ಧವಸ್ತುವಿನ ಮುಖ್ಯ ಲಕ್ಷಣ ಪಡೆದ ಅರೆಸಿದ್ಧ ವಸ್ತುವಿಗೂ ಸಿದ್ಧವಸ್ತುವಿನ ಕೋಡೇ. ನೀವು ಎಷ್ಟು ಮೈಕ್ರಾನ್ ತೆಗೆದಿರಿ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸರಳಿನಿಂದ ಶುರು ಮಾಡುವುದು ಇದಕ್ಕೇ ಲಾಭ: 72ನೇ ಅಧ್ಯಾಯದಿಂದ 84ಕ್ಕೆ ಹೋಗುತ್ತದೆ, ವಾದಕ್ಕೆ ಜಾಗವೇ ಇಲ್ಲ.

ಮೂರನೆಯದು ರಿಯಾಯಿತಿ. ಜಪಾನಿನ ಗ್ರಾಹಕರು ವರ್ಷಕ್ಕೊಮ್ಮೆ ಬೆಲೆ ಇಳಿಸಿ ಎನ್ನುತ್ತಾರೆ. ಎಫ್‌ಒಬಿ 1,000ದಿಂದ 960ಕ್ಕೆ ಇಳಿದರೆ ಛೇದ ಚಿಕ್ಕದಾಗಿ ನಿಮ್ಮ ಪಾಲು ತಾನಾಗಿ ಕರಗುತ್ತದೆ. ಯೆನ್ ಏರಿದರೂ ಅಷ್ಟೇ. ಹಾಗಾಗಿ ಶೇ 35ಕ್ಕೆ ಗುರಿ ಇಡಬೇಡಿ, ಶೇ 45ರ ಕೆಳಗೆ ಬಂದರೆ ಎಚ್ಚರಿಕೆ ಗಂಟೆ ಎಂದು ತಿಳಿಯಿರಿ. ಕಾಸ್ಟ್ ಶೀಟ್ ಮೂರು ತಿಂಗಳಿಗೊಮ್ಮೆ ಹೊಸದಾಗಿ ಮಾಡಿ.

ಮೂಲ ಪ್ರಮಾಣಪತ್ರವನ್ನು (ಫಾರ್ಮ್ ಎಐ) ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಆನ್‌ಲೈನ್ ವೇದಿಕೆಯಲ್ಲಿ ಡಿಜಿಟಲ್ ಸಹಿಯೊಂದಿಗೆ ಕೋರಬೇಕು. ಕಾಸ್ಟ್ ಶೀಟ್, ಆಮದಿನ ಬಿಲ್ ಆಫ್ ಎಂಟ್ರಿ, ತಯಾರಿಕಾ ವಿವರ ಜೊತೆಗಿರಲಿ. ಸರಕು ಹೊರಡುವ ಮುಂಚೆ ಅಥವಾ ಹೊರಟ ಮೂರು ಕೆಲಸದ ದಿನಗಳೊಳಗೆ ಪಡೆಯುವುದು ಕ್ರಮ. ತಡವಾದರೆ ಪೂರ್ವಾನ್ವಯವಾಗಿ ಪಡೆಯುವ ದಾರಿ ಇದೆ, ಆದರೆ ಗ್ರಾಹಕರ ಕಸ್ಟಮ್ಸ್ ಅಂಥದ್ದನ್ನು ತಿರುಗಿಸಿ ಮುರುಗಿಸಿ ನೋಡುತ್ತದೆ. ಸರಕು ಚೆನ್ನೈನಿಂದ ಹೋಗಿ ಕೊಲಂಬೊ ಅಥವಾ ಸಿಂಗಪುರದಲ್ಲಿ ಹಡಗು ಬದಲಿಸುತ್ತದೆ. ಆದ್ದರಿಂದ ಭಾರತದಿಂದ ವಿಯೆಟ್ನಾಂವರೆಗಿನ ಒಂದೇ ಥ್ರೂ ಬಿಲ್ ಆಫ್ ಲೇಡಿಂಗ್ (ಇಡೀ ದಾರಿಯ ಸಾಗಣೆ ಪತ್ರ) ಇರಬೇಕು, ಇಲ್ಲದಿದ್ದರೆ ‘ನೇರ ಸಾಗಣೆ’ಯ ಷರತ್ತು ಮುರಿಯಿತು ಎನ್ನುತ್ತಾರೆ. ಸರಕು ವಿಯೆಟ್ನಾಂಗೆ, ಇನ್‌ವಾಯ್ಸ್ ಜಪಾನಿನ ಕಚೇರಿಯಿಂದ ಎಂಬ ವ್ಯವಸ್ಥೆಯಾದರೆ ಮೂರನೇ ದೇಶದ ಇನ್‌ವಾಯ್ಸ್ ಎಂಬ ಚೌಕಕ್ಕೆ ಗುರುತು ಹಾಕಿ ವಿವರ ಬರೆಯಬೇಕು. ಈ ಒಂದು ಗುರುತು ಬಿಟ್ಟುಹೋಗಿ ಸುಂಕ ಕಟ್ಟಬೇಕಾದ ಕನ್ಸೈನ್‌ಮೆಂಟ್‌ಗಳು ಕಡಿಮೆಯೇನಿಲ್ಲ.

ಸ್ಲೀವ್ ಒಳಗೆ ಬರುವ ಕಡೆಯೂ ಕಾಗದ ಇದೆ. ಭಾರತ–ಜಪಾನ್ ಒಪ್ಪಂದದ ರಿಯಾಯಿತಿ ಸುಂಕ ಬೇಕೆಂದರೆ ಮೊದಲಿನ ಹಾಗೆ ಪ್ರಮಾಣಪತ್ರ ಒಂದನ್ನೇ ತೋರಿಸಿದರೆ ಆಗುವುದಿಲ್ಲ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕಾರೋಟಾರ್ ಎಂಬ ಕಸ್ಟಮ್ಸ್ ನಿಯಮಗಳ ಪ್ರಕಾರ ಆ ವಸ್ತು ಹೇಗೆ ಜಪಾನಿನದ್ದಾಯಿತು ಎಂಬ ಮಾಹಿತಿ ಆಮದುದಾರರ ಕೈಯಲ್ಲೇ ಇರಬೇಕು, ಐದು ವರ್ಷ ಇಡಬೇಕು. ‘ವೆಚ್ಚದ ವಿವರ ಗೋಪ್ಯ’ ಎಂದು ಪೂರೈಕೆದಾರರು ಕೊಡದಿದ್ದರೆ ಸಿಕ್ಕಿಕೊಳ್ಳುವುದು ನೀವು. ಆದ್ದರಿಂದ ಸ್ಲೀವ್ ಪೂರೈಕೆ ಒಪ್ಪಂದದಲ್ಲೇ ಈ ಮಾಹಿತಿ ಕೊಡುವ ಹೊಣೆಯನ್ನು ಅವರ ಮೇಲೆ ಬರೆಸಿ. ಸ್ಲೀವ್ ಪೂರ್ತಿ ರಫ್ತಿಗೇ ಹೋಗುವುದಾದರೆ ಈ ಜಂಜಾಟವೇ ಬೇಡ: ಅಡ್ವಾನ್ಸ್ ಆಥರೈಸೇಶನ್ ತೆಗೆದುಕೊಂಡರೆ ಸುಂಕವಿಲ್ಲದೆ ತರಿಸಬಹುದು, ಸಾಮಾನ್ಯವಾಗಿ ಕನಿಷ್ಠ ಶೇ 15 ಮೌಲ್ಯವರ್ಧನೆ ತೋರಿಸಿ 18 ತಿಂಗಳಲ್ಲಿ ರಫ್ತು ಮುಗಿಸಬೇಕು. ಸುಂಕ ಉಳಿದರೂ ಮೂಲದ ಲೆಕ್ಕದಲ್ಲಿ ಸ್ಲೀವ್ ಹೊರಗಿನದ್ದೇ, ಅದನ್ನು ಮರೆಯಬೇಡಿ.

ಈಗ ಹಣದ ವಿಚಾರ.

6 ಕೋಟಿಗೆ ಶೇ 26 ಎಂದರೆ ಹೂಡಿಕೆಯ ನಂತರದ ಬೆಲೆ 23.08 ಕೋಟಿ, ಹೂಡಿಕೆಗೆ ಮುಂಚಿನ ನಿಮ್ಮ ಕಂಪನಿಯ ಬೆಲೆ 17.08 ಕೋಟಿ. ಈಗ 1,00,000 ಷೇರುಗಳಿದ್ದರೆ ಹೊಸದಾಗಿ ಕೊಡಬೇಕಾದದ್ದು 26,000 ಅಲ್ಲ, 35,135. ಈ ತಪ್ಪು ಕರಡು ಒಪ್ಪಂದಗಳಲ್ಲೂ ಕಣ್ಣಿಗೆ ಬೀಳುತ್ತದೆ. ವಿದೇಶಿಯರಿಗೆ ಷೇರು ಕೊಡುವಾಗ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದಂತೆ ನ್ಯಾಯಬೆಲೆಗಿಂತ ಕಡಿಮೆಗೆ ಕೊಡುವಂತಿಲ್ಲ. ಮೌಲ್ಯಮಾಪನದಲ್ಲಿ ಹೂಡಿಕೆಗೆ ಮುಂಚಿನ ಕಂಪನಿಯ ಬೆಲೆ 20 ಕೋಟಿ ಎಂದು ಬಂದರೆ 6 ಕೋಟಿಗೆ ಶೇ 23.08 ಮಾತ್ರ ಕೊಡಬಹುದು. ಶೇ 26 ಬೇಕೆಂದರೆ ಅವರು 7.03 ಕೋಟಿ ತರಬೇಕು. ಹೆಚ್ಚಿಗೆ ಕೊಡಲು ಅಡ್ಡಿಯಿಲ್ಲ. ಫೆಮಾಕ್ಕೆ ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್ ಅಥವಾ ಸೆಬಿ ನೋಂದಾಯಿತ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಪ್ರಮಾಣಪತ್ರ ನಡೆಯುತ್ತದೆ. ಆದರೆ ಕಂಪನಿ ಕಾಯ್ದೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಎರಡರಲ್ಲಿ ಎರಡು ಬೆಲೆ ಬಂದರೆ ಮುಂದೆ ವಿವರಣೆ ಕೊಡುತ್ತಾ ಕೂರಬೇಕು, ಇಬ್ಬರಿಗೂ ಒಂದೇ ಮುನ್ನಂದಾಜು ಕೊಡಿ.

ಕ್ರಮ ಹೀಗೆ. ಷೇರುದಾರರ ವಿಶೇಷ ನಿರ್ಣಯ, ಆಮೇಲೆ ಖಾಸಗಿ ಹಂಚಿಕೆಯ ಆಹ್ವಾನ ಪತ್ರ, ಆಮೇಲೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಣ. ಹಣ ಬಂದ ದಿನದಿಂದ 60 ದಿನಗಳಲ್ಲಿ ಷೇರು ಹಂಚಬೇಕು, ಆಗದಿದ್ದರೆ ಮುಂದಿನ 15 ದಿನಗಳಲ್ಲಿ ಹಣ ವಾಪಸ್. ಹಂಚಿಕೆಯಾದ 15 ದಿನಗಳಲ್ಲಿ ಕಂಪನಿ ರಿಜಿಸ್ಟ್ರಾರ್‌ಗೆ ಪಿಎಎಸ್-3 (ಷೇರು ಹಂಚಿಕೆಯ ವಿವರಪತ್ರ), ಅದು ಸಲ್ಲಿಕೆಯಾಗುವವರೆಗೆ ಆ ಹಣ ಮುಟ್ಟುವಂತಿಲ್ಲ, ಯಂತ್ರಕ್ಕೆ ಅಡ್ವಾನ್ಸ್ ಕೂಡ ಕೊಡುವಂತಿಲ್ಲ. ಹಂಚಿಕೆಯಾದ 30 ದಿನಗಳಲ್ಲಿ ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ಎಫ್‌ಸಿ-ಜಿಪಿಆರ್ (ವಿದೇಶಿಯರಿಗೆ ಷೇರು ಕೊಟ್ಟ ವರದಿ). ಆಮೇಲೆ ಪ್ರತಿ ವರ್ಷ ಜುಲೈ 15ರೊಳಗೆ ಎಫ್‌ಎಲ್‌ಎ ರಿಟರ್ನ್ (ವಿದೇಶಿ ಹೊಣೆ ಮತ್ತು ಆಸ್ತಿಗಳ ವಾರ್ಷಿಕ ವರದಿ), ಆ ವರ್ಷ ಹೊಸ ಹಣ ಬಂದಿರಲಿ ಬಿಡಲಿ.

60 ದಿನ ಧಾರಾಳ ಎನ್ನಿಸುತ್ತದೆ, ಆದರೆ ಸಾಲುವುದಿಲ್ಲ. ‘ಸಣ್ಣ ಕಂಪನಿ’ಯ ವ್ಯಾಖ್ಯೆಗೆ ಹೊರಗಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಹೊಸ ಷೇರುಗಳನ್ನು ಡಿಮ್ಯಾಟ್ ರೂಪದಲ್ಲೇ ಕೊಡಬೇಕು. ಅಂದರೆ ನಿಮ್ಮ ಷೇರುಗಳಿಗೆ ಐಎಸ್‌ಐಎನ್ (ಡಿಮ್ಯಾಟ್ ಷೇರಿನ ಗುರುತಿನ ಸಂಖ್ಯೆ) ಬೇಕು, ಜಪಾನಿನ ಕಂಪನಿಗೆ ಇಲ್ಲಿ ಪ್ಯಾನ್ ಮತ್ತು ಡಿಮ್ಯಾಟ್ ಖಾತೆ ಬೇಕು. ಅದಕ್ಕೆ ಅವರ ನೋಂದಣಿ ದಾಖಲೆಗಳು ಇಂಗ್ಲಿಷಿಗೆ ಅನುವಾದವಾಗಿ, ನೋಟರಿಯಾಗಿ, ಅಪೊಸ್ಟಿಲ್ (ವಿದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಆಗಿ ಬರಬೇಕು. ಇದೆಲ್ಲ ಮುಗಿಯುವ ಮುಂಚೆ ‘ಹಣ ಕಳಿಸಿಬಿಡಿ’ ಎಂದರೆ ಗಡಿಯಾರ ಓಡತೊಡಗುತ್ತದೆ. ಖಾತೆ ತೆರೆದ ಮೇಲೆಯೇ ಹಣ ಕರೆಸಿ.

ಎಫ್‌ಸಿ-ಜಿಪಿಆರ್ ಬ್ಯಾಂಕಿನಿಂದ ತಿರಸ್ಕೃತವಾಗುವ ಕಾರಣಗಳು ಹೆಚ್ಚುಕಡಿಮೆ ಮೂರೇ. ಕಳಿಸಿದ ಖಾತೆಯ ಹೆಸರು ಒಂದು, ಷೇರು ಪಡೆದವರ ಹೆಸರು ಇನ್ನೊಂದು: ತಾಯಿ ಕಂಪನಿ ಹಣ ಕಳಿಸಿ ಮಗಳು ಕಂಪನಿಗೆ ಷೇರು. ಕಳಿಸಿದ ಬ್ಯಾಂಕಿನಿಂದ ಕೆವೈಸಿ ವರದಿ ಬಂದಿರುವುದಿಲ್ಲ. ಇಲ್ಲವೇ ಹಣ ಯಾವ ಉದ್ದೇಶಕ್ಕೆ ಬಂತೆಂದು ಬ್ಯಾಂಕ್ ನಮೂದಿಸುವ ಪರ್ಪಸ್ ಕೋಡ್‌ನಲ್ಲಿ ‘ರಫ್ತಿನ ಮುಂಗಡ’ ಎಂದು ಬಿದ್ದಿರುತ್ತದೆ, ಏಕೆಂದರೆ ನಿಮ್ಮ ಖಾತೆಗೆ ಅದುವರೆಗೆ ಬಂದ ವಿದೇಶಿ ಹಣವೆಲ್ಲ ಅದೇ. ಹಣ ಜಮೆಯಾಗುವ ಮುನ್ನ ಶಾಖೆಯ ವಿದೇಶ ವಿನಿಮಯ ವಿಭಾಗಕ್ಕೆ ಪತ್ರ ಕೊಟ್ಟರೆ ಮೂರನೆಯದು ತಪ್ಪುತ್ತದೆ. ತಡವಾದರೆ ದಂಡ ಶುಲ್ಕ 7,500 ರೂಪಾಯಿ, ಅದರ ಮೇಲೆ ಮೊತ್ತದ ಶೇ 0.025ನ್ನು ತಡವಾದ ವರ್ಷಗಳಿಂದ ಗುಣಿಸಿದಷ್ಟು. 6 ಕೋಟಿಗೆ ಆರು ತಿಂಗಳು ತಡವಾದರೆ 15,000. ಮೊತ್ತ ಸಣ್ಣದು. ಆದರೆ ಮುಂದೆ ಯಾರಾದರೂ ಕಂಪನಿ ಕೊಳ್ಳಲು ಬಂದಾಗ ಅವರ ವಕೀಲರು ಮೊದಲು ಕೆದಕುವ ಕಡತ ಇದೇ.

ಒಪ್ಪಂದದಲ್ಲಿ ‘ಐದು ವರ್ಷದ ನಂತರ ಶೇ 12 ಆದಾಯ ಸೇರಿಸಿ ಪ್ರವರ್ತಕರು ಷೇರು ವಾಪಸ್ ಕೊಳ್ಳಬೇಕು’ ಎಂಬಂಥ ಸಾಲು ಇದ್ದರೆ ತೆಗೆಸಿ. ವಿದೇಶಿ ಹೂಡಿಕೆದಾರರಿಗೆ ಖಚಿತ ಆದಾಯದ ಭರವಸೆ ಕೊಡುವಂತಿಲ್ಲ. ಹೊರಹೋಗುವ ಹಕ್ಕು ಇರಬಹುದು, ಕನಿಷ್ಠ ಒಂದು ವರ್ಷದ ನಂತರ, ಆ ದಿನದ ನ್ಯಾಯಬೆಲೆಗೆ. ಕಡ್ಡಾಯವಾಗಿ ಪರಿವರ್ತನೆಯಾಗದ ಪ್ರಿಫರೆನ್ಸ್ ಷೇರು ಕೊಟ್ಟರೆ ಅದು ಬಂಡವಾಳವಲ್ಲ, ವಿದೇಶಿ ಸಾಲ. ಅದಕ್ಕೆ ಬೇರೆಯೇ ನಿಯಮಾವಳಿ.

ಶೇ 26 ಏಕೆ ಕೇಳುತ್ತಾರೆ ಗೊತ್ತೇ? ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಬೇಕು, ಕಾಲು ಭಾಗಕ್ಕಿಂತ ಹೆಚ್ಚಿರುವವರು ಅದನ್ನು ತಡೆಯಬಹುದು. ಆ ಹಕ್ಕಿಗೆ ಶೇ 25.1 ಸಾಕು. ಆದರೆ ಶೇ 26 ಮುಟ್ಟಿದ ಕ್ಷಣ ಆದಾಯ ತೆರಿಗೆ ಕಾನೂನಿನಲ್ಲಿ ನೀವಿಬ್ಬರೂ ‘ಸಹವರ್ತಿ ಉದ್ಯಮ’ಗಳು. ಅವರಿಗೆ ಮಾರುವ ವಾಲ್ವ್, ಅವರಿಂದ ಕೊಳ್ಳುವ ಸ್ಲೀವ್, ಅವರಿಗೆ ಕೊಡುವ ರಾಯಲ್ಟಿ, ಎಲ್ಲಕ್ಕೂ ಟ್ರಾನ್ಸ್‌ಫರ್ ಪ್ರೈಸಿಂಗ್ (ಸಂಬಂಧವಿಲ್ಲದವರ ನಡುವಿನ ಬೆಲೆಯಲ್ಲೇ ವ್ಯವಹಾರ ನಡೆದಿದೆ ಎಂದು ತೋರಿಸುವ ನಿಯಮ) ಅನ್ವಯ. ಪ್ರತಿ ವರ್ಷ ಪ್ರತ್ಯೇಕ ಆಡಿಟ್ ವರದಿ, ಬೆಲೆ ಹೋಲಿಕೆಯ ಅಧ್ಯಯನ. ಶೇ 25.5ಕ್ಕೆ ಒಪ್ಪಿಸಲು ನೋಡಿ. ಪೂರ್ತಿ ತಪ್ಪುತ್ತದೆ ಎಂದಲ್ಲ: ಬೆಲೆ ಮತ್ತು ಷರತ್ತುಗಳನ್ನು ಕೊಳ್ಳುವವರೇ ನಿರ್ಧರಿಸುತ್ತಾರೆ ಎಂದಾದರೆ ಷೇರು ಎಷ್ಟೇ ಇದ್ದರೂ ಇಲಾಖೆ ಆ ಸಂಬಂಧ ಕಾಣಬಹುದು. ಸ್ಲೀವ್ ಆಮದಿನ ಮೌಲ್ಯವನ್ನು ಕಸ್ಟಮ್ಸ್‌ನ ವಿಶೇಷ ಮೌಲ್ಯಮಾಪನ ಶಾಖೆ ಕೂಡ ಕೇಳಬಹುದು. ತೆರಿಗೆಯವರಿಗೆ ‘ಸ್ಲೀವ್ ದುಬಾರಿ ಕೊಂಡಿರಿ’ ಎಂಬ ಅನುಮಾನ, ಕಸ್ಟಮ್ಸ್‌ನವರಿಗೆ ‘ಅಗ್ಗಕ್ಕೆ ತೋರಿಸಿದಿರಿ’ ಎಂಬ ಅನುಮಾನ. ಇಬ್ಬರಿಗೂ ಒಂದೇ ಕಡತ ತೋರಿಸುವ ಹಾಗೆ ಮೊದಲೇ ಬೆಲೆ ಸೂತ್ರ ಬರೆದಿಡಿ. ರಾಯಲ್ಟಿಗೆ ಫೆಮಾದಲ್ಲಿ ಈಗ ಮಿತಿ ಇಲ್ಲ. ಭಾರತ–ಜಪಾನ್ ತೆರಿಗೆ ಒಪ್ಪಂದದ ಪ್ರಕಾರ ರಾಯಲ್ಟಿಗೂ ಲಾಭಾಂಶಕ್ಕೂ ಮೂಲದಲ್ಲಿ ಕಡಿತ ಶೇ 10.

ಜಪಾನಿನ ಕಂಪನಿಯ ಹಿಂದೆ ಯಾರಿದ್ದಾರೆ ಎಂದೂ ನೋಡಿ. ಕೇಂದ್ರ ಸರ್ಕಾರದ 2020ರ ಏಪ್ರಿಲ್‌ನ ಪ್ರೆಸ್ ನೋಟ್ 3ರಿಂದ, ಭಾರತದೊಂದಿಗೆ ಭೂಗಡಿ ಇರುವ ದೇಶದವರು ಅಂತಿಮ ಲಾಭದಾಯಕ ಮಾಲೀಕರಾಗಿದ್ದರೆ ಹಣ ಟೋಕಿಯೊದಿಂದ ಬಂದರೂ ಸರ್ಕಾರದ ಅನುಮತಿಯ ಪ್ರಶ್ನೆ ಏಳುತ್ತದೆ. ಮಾಲೀಕತ್ವದ ಪೂರ್ಣ ಪಟ್ಟಿ ಬರವಣಿಗೆಯಲ್ಲಿ ಪಡೆದು, ಹಣ ಬರುವ ಸಮಯದಲ್ಲಿ ಎಷ್ಟು ಪಾಲಿನವರೆಗೆ ವಿನಾಯಿತಿ ಇದೆ ಎಂದು ಬ್ಯಾಂಕಿನಿಂದ ಖಚಿತಪಡಿಸಿಕೊಳ್ಳಿ.

ಪತ್ರಿಕೆಗಳಲ್ಲಿ ಬರುವ ವಿದೇಶಿ ಬಂಡವಾಳದ ಅಂಕಿ ನೋಡಿ ‘ಎಲ್ಲರೂ ಇಲ್ಲಿಗೇ ಬರುತ್ತಿದ್ದಾರೆ’ ಎಂಬ ಉತ್ಸಾಹದಲ್ಲಿ ಬೆಲೆ ಬಿಟ್ಟುಕೊಡಬೇಡಿ, ಅಥವಾ ವಿಪರೀತ ಬಿಗಿಯಲೂ ಬೇಡಿ. 2024-25ರಲ್ಲಿ ಭಾರತಕ್ಕೆ ಬಂದ ಒಟ್ಟು ನೇರ ಹೂಡಿಕೆ ಸುಮಾರು 8,100 ಕೋಟಿ ಡಾಲರ್. ಹಳೆಯ ಹೂಡಿಕೆದಾರರು ಷೇರು ಮಾರಿ ಒಯ್ದದ್ದು, ಭಾರತೀಯ ಕಂಪನಿಗಳು ಹೊರಗೆ ಹೂಡಿದ್ದು ಕಳೆದರೆ ನಿವ್ವಳ ಉಳಿದದ್ದು 100 ಕೋಟಿ ಡಾಲರನ್ನೂ ದಾಟಲಿಲ್ಲ. ಮೇಲಾಗಿ ನಮ್ಮಲ್ಲಿ ಹೆಚ್ಚು ಹಣ ಸೆಳೆಯುವುದು ಸೇವಾ ವಲಯ ಮತ್ತು ಸಾಫ್ಟ್‌ವೇರ್–ಹಾರ್ಡ್‌ವೇರ್. ಹಲವು ಕಂಪನಿಗಳು ಬರುವುದು ಇಲ್ಲಿನ ಮಾರುಕಟ್ಟೆಗಾಗಿ. ವಿಯೆಟ್ನಾಂನಲ್ಲಿ ಹಾಗಲ್ಲ. 2007ರಲ್ಲಿ ಡಬ್ಲ್ಯುಟಿಒ ಸೇರಿ, ಬಾಕ್ ನಿನ್‌ನಲ್ಲಿ ಸ್ಯಾಮ್‌ಸಂಗ್ ನೆಲೆಯೂರಿದ ಮೇಲೆ ಅಲ್ಲಿನ ರಫ್ತಿನ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ವಿದೇಶಿ ಬಂಡವಾಳದ ಕಂಪನಿಗಳದ್ದೇ. ಸಾಮಗ್ರಿ ಹೊರಗಿನಿಂದ ತಂದು, ಕೂಡಿಸಿ, ಹೊರಗೆ ಕಳಿಸುವುದೇ ಅಲ್ಲಿನ ಕಸುಬು. ಅದಕ್ಕೆ ತಕ್ಕಂತೆ ಸಿಪಿಟಿಪಿಪಿ (ಪೆಸಿಫಿಕ್ ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದ), ಯುರೋಪ್ ಒಕ್ಕೂಟ, ಆರ್‌ಸಿಇಪಿ ಎಂದು ಒಂದರ ಮೇಲೊಂದು ಒಪ್ಪಂದ ಮಾಡಿಕೊಂಡರು. ಇಂಡೊನೇಷ್ಯಾ ತದ್ವಿರುದ್ಧ: 2020ರ ಜನವರಿಯಿಂದ ನಿಕ್ಕಲ್ ಅದಿರಿನ ರಫ್ತನ್ನೇ ನಿಲ್ಲಿಸಿ, ಬೇಕಾದವರು ಇಲ್ಲೇ ಬಂದು ಕುಲುಮೆ ಹಾಕಿ ಎಂದಿತು. ಬಂದರು, ಹೆಚ್ಚಾಗಿ ಚೀನಾದವರು. ನಿಕ್ಕಲ್ ಇಲ್ಲದವರಿಗೆ ಆ ದಾರಿ ಇಲ್ಲ.

ನಿಮ್ಮ ಹೂಡಿಕೆದಾರರು ಈ ಎರಡರಲ್ಲಿ ಯಾವ ಕಾರಣಕ್ಕೆ ಬರುತ್ತಿದ್ದಾರೆ ಎಂದು ನೇರವಾಗಿ ಕೇಳಿ: ಭಾರತದ ಮಾರುಕಟ್ಟೆಗೋ, ವಿಯೆಟ್ನಾಂ ಘಟಕಕ್ಕೆ ಪೂರೈಸಲೋ? ಭಾರತದ ಟ್ರ್ಯಾಕ್ಟರ್, ಜೆಸಿಬಿ ಮಾದರಿಯ ಯಂತ್ರಗಳಿಗೆ ವಾಲ್ವ್ ಮಾರುವ ಯೋಚನೆ ಅವರಿಗೂ ಇದ್ದರೆ ಮೂಲದ ಲೆಕ್ಕ ನಿಮ್ಮನ್ನು ಮುಳುಗಿಸದು. ವಿಯೆಟ್ನಾಂ ಮಾತ್ರ ಎಂದಾದರೆ ಷೇರು ಒಪ್ಪಂದಕ್ಕೆ ಮೂರು ಪೂರ್ವ ಷರತ್ತು ಹಾಕಿಸಿ. ಸ್ಥಳೀಯ ಉಕ್ಕಿನ ಗ್ರೇಡ್‌ಗೆ ಅವರ ಲಿಖಿತ ಒಪ್ಪಿಗೆ; ಪೂರ್ಣ ವಾಲ್ವ್ ಆಗಿಯೇ, 8481.20ರಲ್ಲಿಯೇ ಸಾಗಿಸುವ ಪೂರೈಕೆ ಒಪ್ಪಂದ, ಕನಿಷ್ಠ ಪ್ರಮಾಣದೊಂದಿಗೆ. ಪ್ರಾಯೋಗಿಕವಾಗಿ ಒಂದು ಸಣ್ಣ ಕನ್ಸೈನ್‌ಮೆಂಟ್ ಫಾರ್ಮ್ ಎಐ ಸಮೇತ ಹೋಗಿ, ರಿಯಾಯಿತಿ ಸುಂಕದಲ್ಲಿ ಬಿಡುಗಡೆಯಾದ ಅಲ್ಲಿನ ಕಸ್ಟಮ್ಸ್ ದಾಖಲೆ ನಿಮ್ಮ ಕೈಗೆ ಬರುವುದು. ಮೂರನೆಯದಕ್ಕೆ ಒಂದೆರಡು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಅವರ ಪ್ಯಾನ್, ಅಪೊಸ್ಟಿಲ್, ಡಿಮ್ಯಾಟ್ ಕೆಲಸಗಳೂ ಮುಗಿದಿರುತ್ತವೆ, ಹಣ ಕರೆಸುವ ದಿನ ಆಮೇಲೆ ಗೊತ್ತು ಮಾಡಿ.